ಹುಬ್ಬಳ್ಳಿಯಿಂದ ಅಂಡಮಾನ್‌ಗೆ ವರ್ಗ ಆಗಿದೆ, ಅಲ್ಲಿ ಮನೆ ಹೇಗೆ ಜೋಡಿಸಬೇಕು?

ಪೋರ್ಟ್ ಬ್ಲೇರ್‌ನಲ್ಲಿ ಬಾಡಿಗೆ ಮನೆ ಸಿಕ್ಕಿದೆ, ಇಲ್ಲಿಂದ ಏನೇನು ಒಯ್ಯಬೇಕು, ಮನೆ ಚಂದ ಕಾಣಲು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾವು ಧಾರವಾಡದ ಸಪ್ತಾಪುರದವರು. ನನ್ನ ಗಂಡನ ನೌಕರಿಯಿಂದಾಗಿ ಮೂರು ವರ್ಷ ಅಲ್ಲಿದ್ದು ಬಂದಿದ್ದೇವೆ. (2024ರಲ್ಲಿ ಆ ಊರಿಗೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು, ನನ್ನ ಬಾಯಲ್ಲಿ ಇನ್ನೂ ಹಳೆಯದೇ ಬರುತ್ತದೆ.)

ಕಟ್ಟಿಗೆ ಸಾಮಾನು ಇಲ್ಲೇ ಬಿಡಿ, ಬಟ್ಟೆ ಒಯ್ಯಿರಿ. ನಾವು ಉಲ್ಟಾ ಮಾಡಿದೆವು.

ಟಿವಿ ಸ್ಟ್ಯಾಂಡು, ಪುಸ್ತಕದ ಕಪಾಟು, ಪ್ಲೈವುಡ್ ಮಂಚ ಎಲ್ಲವನ್ನೂ ಚೆನ್ನೈವರೆಗೆ ಲಾರಿಯಲ್ಲಿ, ಅಲ್ಲಿಂದ ಹಡಗಿನಲ್ಲಿ ಕಳಿಸಿದೆವು. ಬರಲು ಒಂದು ತಿಂಗಳ ಮೇಲಾಯಿತು, ಅಷ್ಟು ದಿನ ಚಾಪೆ ಮೇಲೆ ಮಲಗಿದೆವು. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅಲ್ಲಿ ಸುಮಾರು 3000. ಮೇ ತಿಂಗಳಲ್ಲಿ ಶುರುವಾದರೆ ಮುಂಗಾರು, ಹಿಂಗಾರು ಎರಡೂ ಸೇರಿ ಡಿಸೆಂಬರ್ ತನಕ ಎಳೆಯುತ್ತದೆ. ಮೊದಲ ಮಳೆಗಾಲದಲ್ಲೇ ಟಿವಿ ಸ್ಟ್ಯಾಂಡು ಚಹಾದಲ್ಲಿ ಅದ್ದಿದ ಟೋಸ್ಟ್ ತರಹ ಉಬ್ಬಿತು. ಕಪಾಟಿನ ಬಾಗಿಲು ಒಮ್ಮೆ ಹಾಕಿದರೆ ತೆಗೆಯಲು ಇಬ್ಬರು ಬೇಕಿತ್ತು.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಕಸೂತಿ ಫ್ರೇಮಿನ ವಿಷಯದಲ್ಲಿ. ನನ್ನ ಅತ್ತೆ ಕೈಯಾರೆ ಹಾಕಿದ ಗೋಪುರದ ಕಸೂತಿ, ಮುಂದೆ ಗಾಜು, ಹಿಂದೆ ರಟ್ಟು, ಹಾಲ್‌ನ ಗೋಡೆಗೆ ಗಟ್ಟಿಯಾಗಿ ಬಡಿದಿದ್ದೆವು. ಅಕ್ಟೋಬರ್‌ನಲ್ಲಿ ಸುಮ್ನೆ ಒರೆಸೋಣ ಅಂತ ಇಳಿಸಿದರೆ ಹಿಂದೆಲ್ಲ ಬೂಷ್ಟು, ಗೋಡೆ ಮೇಲೆ ಕರೀ ಚೌಕ. ಒಳಗಿನ ಬಟ್ಟೆಯೂ ಕಲೆ ಬಿದ್ದಿತ್ತು. ಫೋನಿನಲ್ಲಿ ಹೇಳಿದರೆ ಅತ್ತೆ ಬೈಯಲಿಲ್ಲ. "ಅರಿವಿಗೆ (ಬಟ್ಟೆಗೆ) ಗಾಳಿ ಬೇಕಲ್ಲ ತಂಗಿ, ಪೆಟ್ಟಿಗ್ಯಾಗ ಹಾಕಿ ಉಸಿರು ಕಟ್ಟಿಸಿದ್ರ ಹೆಂಗ?" ಅಂದರು. ಅವರದೇ ಇನ್ನೊಂದು ಕಸೂತಿ ತುಂಡನ್ನು ಕಿಟಕಿಗೆ ಪರದೆ ಮಾಡಿದೆ. ಕಸೂತಿಯ ಗವಂತಿ ಹೊಲಿಗೆ ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣುತ್ತದಲ್ವಾ, ಹಾಗಾಗಿ ಒಳಗಿಂದಲೂ ಚಂದ, ಓಣಿಯಿಂದ ನೋಡಿದರೂ ಚಂದ. ಸಮುದ್ರದ ಗಾಳಿಗೆ ಇಡೀ ದಿನ ಆಡುತ್ತಿತ್ತು, ಮೂರು ವರ್ಷವಾದರೂ ಒಂದು ಕಲೆ ಬೀಳಲಿಲ್ಲ. ಅಂದಮೇಲೆ ಲೆಕ್ಕ ಇಷ್ಟೇ: ಒಗೆಯಲು ಬರಬೇಕು, ಹಗ್ಗದ ಮೇಲೆ ಹಾಕಲು ಬರಬೇಕು, ಗೋಡೆಗೆ ಅಂಟಿಕೊಂಡಿರಬಾರದು. ಕೌದಿ, ಬೆಂಗೇರಿಯ ತೆಳು ಖಾದಿ, ಹಳೆಯ ಇಳಕಲ್ ಸೀರೆ ಧಾರಾಳವಾಗಿ ಒಯ್ಯಿರಿ. ನವಲಗುಂದದ ಜಮಖಾನ ಬೇಕೇ ಬೇಕು ಅಂದರೆ ಒಯ್ಯಿರಿ, ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಹಾಸಿ. ದಪ್ಪ ಹತ್ತಿ, ಮಳೆಯಲ್ಲಿ ಒಣಗುವುದೇ ಇಲ್ಲ.

ಬೆಳಕಿನ ವಿಷಯ ಯಾರೂ ನಮಗೆ ಹೇಳಿರಲಿಲ್ಲ. ಗಡಿಯಾರ ಇಡೀ ದೇಶಕ್ಕೆ ಒಂದೇ, ಆದರೆ ಅಂಡಮಾನ್ ತೀರಾ ಪೂರ್ವಕ್ಕಿದೆ. ಧಾರವಾಡಕ್ಕಿಂತ ಒಂದು ಗಂಟೆಗೂ ಮೊದಲೇ ಅಲ್ಲಿ ಸೂರ್ಯ ಹುಟ್ಟುತ್ತಾನೆ, ಅಷ್ಟೇ ಬೇಗ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಐದು ದಾಟುತ್ತಿದ್ದಂತೆ ಹೊತ್ತು ಮುಳುಗುತ್ತದೆ. ಗಂಡ ಆಫೀಸಿನಿಂದ ಬರುವಷ್ಟರಲ್ಲಿ ಗವ್ ಅನ್ನುವ ಕತ್ತಲು, ಮೊದಲ ತಿಂಗಳು ನನಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಬಿಳಿ ಟ್ಯೂಬ್‌ಲೈಟ್ ತೆಗೆಸಿ, ಹಳದಿ ಬಲ್ಬು ಮೂರು ಮೂಲೆಗೆ ಹಾಕಿದ ಮೇಲೆ ಮನೆ ಮನೆಯಂತಾಯಿತು. ಬಣ್ಣಕ್ಕೆ ದುಡ್ಡು ಸುರಿಯುವ ಬದಲು ಇದನ್ನು ಮಾಡಿ. ಮಲಗುವ ಕೋಣೆಗೆ ಮಾತ್ರ ದಪ್ಪ ಪರದೆ ಬೇಕು, ಬೇಸಿಗೆಯಲ್ಲಿ ಬೆಳಗಿನ ಐದಕ್ಕೆಲ್ಲ ಬಿಸಿಲು ಮುಖಕ್ಕೆ ಬೀಳುತ್ತದೆ.

ಕುರ್ಚಿ, ಮೇಜು ಅಲ್ಲೇ ತಗೊಳ್ಳಿ. ಬೆತ್ತದ್ದು ಹಗುರ, ಗಾಳಿಯೂ ಆಡುತ್ತದೆ. ಅಲ್ಲಿನ ಪಡಾಕ್ ಮರ ಕೆಂಪಗೆ, ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ವಾಪಸ್ ಬರುವಾಗ ಅದನ್ನು ತರಬೇಕಾದರೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ಹಾಗಾಗಿ ಕೊಳ್ಳುವಾಗಲೇ ಅಂಗಡಿಯವರಿಂದ ಕಾಗದ ಕೇಳಿಟ್ಟುಕೊಳ್ಳಿ. ದಂಡೆಯಲ್ಲಿ ಬಿದ್ದ ಹವಳದ ತುಂಡು, ಶಂಖ ಆರಿಸಿ ತಂದು ಶೋಕೇಸಿನಲ್ಲಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ಬೇಡ. ಸತ್ತ ಹವಳವಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಪ್ಪೇ.

ಇನ್ನೊಂದು, ಮಂಚದ ತಲೆಯ ಮೇಲೆ ಭಾರದ್ದೇನೂ ತೂಗುಹಾಕಬೇಡಿ. ಅದು ಭೂಕಂಪದ ಜಾಗ, 2004ರ ಸುನಾಮಿ ಗೊತ್ತೇ ಇದೆ. ಸಣ್ಣ ನಡುಕ ನಮಗೂ ಎರಡು ಸಲ ಆಗಿತ್ತು. ಕಪಾಟನ್ನು ಗೋಡೆಗೆ ಬೋಲ್ಟ್ ಹಾಕಿಸಿ, ಆದರೆ ನಡುವೆ ಎರಡು ಬೆರಳು ಸಂದಿ ಇರಲಿ, ಗಾಳಿಗೆ.

ಅಡುಗೆ ಮನೆಯಲ್ಲಿ ಉಪ್ಪುಗಾಳಿಗೆ ಎಲ್ಲ ತುಕ್ಕು. ರೊಟ್ಟಿ ಹಂಚಿಗೆ ದಿನಾ ಎಣ್ಣೆ ಸವರಿಡಿ. ಕಟಕ್ ರೊಟ್ಟಿ ಹೊರಗಿಟ್ಟರೆ ಮರುದಿನವೇ ಮೆತ್ತಗಾಗಿ ಚಪಾತಿಯಾಗಿರುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಗತಿ.

ನೀರಿಗೆ ನೀವು ಹೆದರಬೇಕಿಲ್ಲ. ಅಷ್ಟು ಮಳೆಯ ಊರಲ್ಲೂ ಬೇಸಿಗೆಯಲ್ಲಿ ನಳ ದಿನಾ ಬರುವುದಿಲ್ಲ. ಬೇರೆ ಊರಿನವರು ಒದ್ದಾಡುತ್ತಿದ್ದರು, ಹುಬ್ಬಳ್ಳಿ-ಧಾರವಾಡದವರಾದ ನಮಗೆ ವಾರಗಟ್ಟಲೆ ಕಾದು ನೀರು ಹಿಡಿದ ಅಭ್ಯಾಸ ಇತ್ತಲ್ಲ! ಊರಿನ ನೀಲಿ ಬ್ಯಾರೆಲ್ಲೇ ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಇಡಲು ಜಾಗವಿಲ್ಲದೆ ಹಾಲ್‌ನಲ್ಲೇ ಇಟ್ಟು, ಕಾಣಬಾರದು ಅಂತ ಕೆಂಪು ಸೆರಗಿನ ಇಳಕಲ್ ಸೀರೆ ಹೊದಿಸಿದ್ದೆ. ಪಕ್ಕದ ಮನೆಯ ಬಂಗಾಳಿ ಅಜ್ಜಿ ಮೊದಲ ಸಲ ಬಂದಾಗ ಅದಕ್ಕೆ ಕೈ ಮುಗಿದು, ಒಳಗೆ ಯಾವ ದೇವರು ಅಂತ ಕೇಳಿದರು.