ಊರಿನ ಲ್ಯಾಂಡ್‌ಲೈನಿಗೆ ಸ್ಮಾರ್ಟ್ ಕನ್ನಡಕದಿಂದ ಕರೆ?
2025ರ ಮೇ ತಿಂಗಳಲ್ಲಿ ಅಂತರ್ಜಾಲದ ಮೂಲಕ ಲ್ಯಾಂಡ್‌ಲೈನಿಗೂ ಕರೆ ಮಾಡಲು ಬರುತ್ತಿದ್ದ ಸ್ಕೈಪ್ ಸೇವೆ ನಿಂತುಹೋದ ಮೇಲೆ, ಅಮೆರಿಕದಿಂದ ಶಿವಮೊಗ್ಗದಲ್ಲಿರುವ ತಂದೆಯವರ ಲ್ಯಾಂಡ್‌ಲೈನಿಗೆ ಕರೆ ಮಾಡಲು ಮುಂದೆ ಬರಲಿರುವ ಸ್ಮಾರ್ಟ್ ಕನ್ನಡಕಗಳಿಗಾಗಿ ಕಾಯಬಹುದೇ ಎಂದು ತಾವು ಕೇಳಿದ್ದೀರಿ. ಕಾಯುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಈಗಿರುವ ರೇ-ಬ್ಯಾನ್ ಮೆಟಾ ಕನ್ನಡಕವು ಕರೆಗೆ ಜೇಬಿನಲ್ಲಿರುವ ಫೋನನ್ನೇ ಅವಲಂಬಿಸಿದ್ದು, ಮೈಕು ಹಾಗೂ ಸ್ಪೀಕರಿನ ಕೆಲಸವನ್ನಷ್ಟೇ ಮಾಡುತ್ತದೆ. ಸ್ವಂತ ಸಿಮ್ ಉಳ್ಳ ಕನ್ನಡಕಗಳು ಮುಂದೆ ಬರಬಹುದಾದರೂ, ಕಿವಿಯ ಮೇಲೆ ಕೂರುವ ತೆಳುವಾದ ಕಡ್ಡಿಯೊಳಗೆ ಹಿಡಿಸುವ ಬ್ಯಾಟರಿ ಎಷ್ಟು ಹೊತ್ತು ಬಂದೀತು, ಎಷ್ಟು ಬಿಸಿಯಾದೀತು ಎಂಬುದೇ ದೊಡ್ಡ ತೊಡಕು. ಅಷ್ಟಕ್ಕೂ ತಮಗೆ ಬೇಕಿರುವುದು ಅಂತರ್ಜಾಲದ ಧ್ವನಿಯನ್ನು ದೂರವಾಣಿ ಜಾಲಕ್ಕೆ ದಾಟಿಸುವ ಸೇವೆ. ವಾಟ್ಸಾಪ್‌ನಲ್ಲಿ ಆ ಸೌಲಭ್ಯವಿಲ್ಲ. ಗೂಗಲ್ ವಾಯ್ಸ್‌ನಲ್ಲಿದೆ, ಭಾರತಕ್ಕೆ ನಿಮಿಷದ ಲೆಕ್ಕದಲ್ಲಿ ಹಣ ಕಡಿತವಾಗುತ್ತದೆ. ತಂದೆಯವರಂತೂ (ಇದೇ ಮುಖ್ಯ) ಹೊಸದೇನನ್ನೂ ಕಲಿಯಬೇಕಾಗಿಲ್ಲ, ರಿಸೀವರ್ ಎತ್ತಿದರೆ ಸಾಕು.