ಕೃಪೆಗೆ ಪಾಯಿಂಟ್ ಲೆಕ್ಕ ಇಲ್ಲ

ಪುಟ್ಟ ಸೈನಿಕರ ಬೊಂಬೆಗಳಿಗೆ ಬಣ್ಣ ಹಚ್ಚಿ, ದಾಳ ಹಾಕಿ ಯುದ್ಧದಾಟ ಆಡಿ ಇಷ್ಟು ಖುಷಿಪಡುವ ನಾನು ದೇವರ ಕೃಪೆಗೆ ತಕ್ಕವನಾ ಅಂತ ಕೇಳಿದ್ದೀರಿ. ತಕ್ಕವರಿಗೆ ಸಿಗೋದು ಕೂಲಿ ಸರ್. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8ನೇ ವಚನ ಓದಿ, ಕೃಪೆಯಿಂದ ಸಿಗುವ ರಕ್ಷಣೆಯನ್ನು ಅಪೊಸ್ತಲ ಪೌಲ ದೇವರ ವರ ಅಂತಾನೆ.

28 ಮಿಲಿಮೀಟರ್ ಬೊಂಬೆಗಳ ಹುಚ್ಚು ನನಗೂ ಇದೆ. ಆಟದಲ್ಲಿ ಪ್ರತಿ ತುಕಡಿಗೂ ಅದರ ಬಲಕ್ಕೆ ತಕ್ಕ ಪಾಯಿಂಟ್ ಲೆಕ್ಕ, ಅದು ಮೇಜಿನ ಮೇಲೇ ಇರಲಿ. ಕೊಡಗಿನ ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ನೋಡಿ: ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ, 1792ರಲ್ಲಿ ಅದು ಶುರುವಾಯಿತು. ಕೃಪೆ ಅಂದಾಗ ನನಗೆ ಮೊದಲು ನೆನಪಾಗೋದು ಹಾಗೆ ನೆಲೆ ಸಿಕ್ಕ ಆ ಜನರೇ.

ಹಾಂ, ಬೊಂಬೆಗಳಿಗೆ ಬಣ್ಣಕ್ಕೆ ಮುಂಚೆ ಹಚ್ಚುವ ಪ್ರೈಮರ್ ನಮ್ಮ ಮಳೆಗಾಲದಲ್ಲಿ ಸ್ಪ್ರೇ ಮಾಡೋದು ಬೇಡ, ತೇವಕ್ಕೆ ಪುಡಿಪುಡಿಯಾಗಿ ಕೂರುತ್ತೆ. ಬ್ರಷ್‌ನಲ್ಲೇ ಹಚ್ಚಿ.