ಪಿಎಚ್ 5 ದೀಪವನ್ನು ಸೀಲಿಂಗಿಗೆ ಅಂಟಿಸಬೇಡಿ

ಪ್ರಶ್ನೆ: ಕೋಪನ್‌ಹೇಗನ್‌ನಲ್ಲಿರುವ ಮಗ ರಜೆಗೆ ಬರುವಾಗ ಲೂಯಿಸ್ ಪೌಲ್ಸನ್ ಕಂಪನಿಯ ಪಿಎಚ್ 5 ತೂಗುದೀಪ ತಂದುಕೊಟ್ಟ. ನಮ್ಮದು ಹಾಲೂ ಊಟದ ಜಾಗವೂ ಒಟ್ಟಿಗೇ ಇರುವ ಫ್ಲ್ಯಾಟು. ತಲೆಗೆ ತಾಗದಿರಲಿ ಎಂದು ವೈರು ಮೋಟು ಮಾಡಿಸಿ ಸೀಲಿಂಗಿನ ಹತ್ತಿರ ಹಾಕಿಸಿದೆವು. ಇಷ್ಟು ದುಬಾರಿ ದೀಪ, ಆದರೂ ಹಾಲು ಮಬ್ಬು. 20 ವ್ಯಾಟಿನ ಬಿಳಿ ಎಲ್‌ಇಡಿ ಹಾಕಿದರೂ ಅಷ್ಟೇ. ಇನ್ನೂ ಹೆಚ್ಚು ವ್ಯಾಟ್ ಹಾಕಬಹುದೇ?

ಉತ್ತರ: ಹಾಕಬೇಡಿ. ಈಗಿರುವ 20 ವ್ಯಾಟಿನದನ್ನೂ ಇವತ್ತೇ ಬಿಚ್ಚಿಡಿ.

ಇದೇ ಪತ್ರ ಮೈಸೂರಿನಿಂದ ಬಂದಿದೆ, ಹುಬ್ಬಳ್ಳಿಯಿಂದ ಬಂದಿದೆ, ಡೆನ್ಮಾರ್ಕಿನಲ್ಲೇ ನೆಲೆಸಿರುವ ನಮ್ಮವರಿಂದಲೂ ಬಂದಿದೆ. ಎಲ್ಲರ ದೂರೂ ದೀಪದ ಮೇಲೆ. ಅದನ್ನು ಎಲ್ಲಿ ನೇತುಹಾಕಿದ್ದೇವೆ ಎಂದು ಯಾರೂ ಯೋಚಿಸಿಲ್ಲ. ಪಿಎಚ್ 5 ಮೇಜು ಬೆಳಗುವ ದೀಪ. ಕೋಣೆ ಪೂರ್ತಿ ಬೆಳಗುವ ಕೆಲಸವನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ, ನೀವು ಕೊಟ್ಟಿದ್ದೀರಿ.

ಹೊಸ ವೈರು ಹಾಕಿಸಿ. ದೀಪದ ಕೆಳ ಅಂಚು ಊಟದ ಮೇಜಿನಿಂದ 60 ಸೆಂಟಿಮೀಟರ್ ಎತ್ತರದಲ್ಲಿರಲಿ, ಅಂದರೆ ಸುಮಾರು ಎರಡು ಅಡಿ. ಮನೆಯವರು ‘ಅಯ್ಯೋ, ಮುಖಕ್ಕೇ ಬಂತಲ್ಲ’ ಅನ್ನುತ್ತಾರೆ. ಬರುವುದಿಲ್ಲ. ಮೇಜು ನೆಲದಿಂದ 75 ಸೆಂಟಿಮೀಟರ್, ಅದರ ಮೇಲೆ 60, ಒಟ್ಟು 135. ಕುರ್ಚಿಯಲ್ಲಿ ಕೂತವರ ಕಣ್ಣು 120ರ ಆಸುಪಾಸಿನಲ್ಲಿರುತ್ತದೆ. ಎದುರಿಗೆ ಕೂತವರ ಮುಖ ಚೆನ್ನಾಗಿ ಕಾಣುತ್ತದೆ, ಬಲ್ಬು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ಮೇಜಿರುವ ತನಕ ತಲೆ ತಾಗುವ ಮಾತೂ ಇಲ್ಲ. ಹಬ್ಬಕ್ಕೆ, ನೆಂಟರು ಬಂದಾಗ ಮೇಜು ಸರಿಸುವ ಮನೆಯಾದರೆ ವೈರನ್ನು ಮೇಲಕ್ಕೆ ಕಟ್ಟಲು ಒಂದು ಕೊಕ್ಕೆ ಹಾಕಿಸಿಕೊಳ್ಳಿ.

ಈ ದೀಪ ಮಾಡಿದ ಡೆನ್ಮಾರ್ಕಿನ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸನ್ (1894–1967; ಪಿಎಚ್ ಅವರದೇ ಹೆಸರಿನ ಮೊದಲಕ್ಷರಗಳು) ಬೆಳೆದದ್ದು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ. ಕರೆಂಟು ಬಂದು ಬೆತ್ತಲೆ ಬಲ್ಬು ಕಣ್ಣು ಕುಕ್ಕಲು ಶುರುವಾದಾಗ, ಆ ಹಳೆಯ ಬೆಳಕಿನ ಹಿತವನ್ನು ಬಲ್ಬಿನಿಂದಲೇ ಹೊರಡಿಸಬೇಕೆಂದು ಹಟ ಹಿಡಿದವರು ಅವರು. ಸಂಜೆ ಟ್ರಾಮಿನ ಮೇಲಂತಸ್ತಿನಲ್ಲಿ ಕೂತು ಜನರ ಮನೆಗಳ ಒಳಗೆ ನೋಡಿದರೆ ಆ ಮಂಕುತನಕ್ಕೆ ಮೈ ನಡುಗುತ್ತದೆ ಎಂದು ಬರೆದರು. ಪೀಠೋಪಕರಣ, ಜಮಖಾನೆ ಏನಿದ್ದರೂ ದೀಪ ಎಲ್ಲಿದೆ ಅನ್ನುವುದರ ಮುಂದೆ ಅವೆಲ್ಲ ಗೌಣ. ಮನೆಯನ್ನು ಸರಿಯಾಗಿ ಬೆಳಗಲು ದುಡ್ಡು ಬೇಡ, ಸಂಸ್ಕಾರ ಬೇಕು ಎಂಬುದು ಅವರ ವಾದ. ನನ್ನ ಅಜ್ಜಿಗೆ ಅವರ ಹೆಸರು ಗೊತ್ತಿರಲಿಲ್ಲ. ಆದರೆ ಕಂದೀಲನ್ನು ಅವಳು ಎಂದೂ ಜಂತಿಗೆ ಕಟ್ಟಲಿಲ್ಲ. ಅಕ್ಕಿ ಆರಿಸುವಾಗ ಮೊರದ ಪಕ್ಕ, ನಾವು ಓದುವಾಗ ಪುಸ್ತಕದ ಪಕ್ಕ, ಊಟಕ್ಕೆ ಕೂತಾಗ ಎಲೆಗಳ ನಡುವೆ. ಕೆಲಸ ಎಲ್ಲಿದೆಯೋ ಬೆಳಕು ಅಲ್ಲಿ. ಟ್ಯೂಬ್‌ಲೈಟು ಬಂದು ನಮಗೆ ಆ ಅಭ್ಯಾಸ ತಪ್ಪಿತು.

ಇನ್ನು ದೀಪದ ಒಳಗಿನ ಲೆಕ್ಕ. ಹೆನ್ನಿಂಗ್ಸನ್ 1920ರ ದಶಕದ ನಡುವಿನಲ್ಲಿ ರೂಪಿಸಿದ ಮೂರು ಕೊಡೆಗಳ (ಅಂದರೆ ಶೇಡುಗಳ) ದೀಪಗಳಲ್ಲಿ ಕೊಡೆಯ ಬಾಗು ಶಂಖದ ಸುರುಳಿಯಂಥದು, ಗಣಿತದವರು ಅದಕ್ಕೆ ಲಾಗರಿದಮಿಕ್ ಸುರುಳಿ ಅನ್ನುತ್ತಾರೆ. ಸುರುಳಿಯ ನಡುಬಿಂದುವಿನಲ್ಲಿ ಬಲ್ಬು ಇರುತ್ತದೆ. ಅಲ್ಲಿಂದ ಹೊರಟ ಕಿರಣ ಕೊಡೆಯ ಯಾವ ಜಾಗಕ್ಕೆ ಬಡಿದರೂ ಒಂದೇ ಕೋನದಲ್ಲಿ ಬಡಿಯುತ್ತದೆ, ಹಾಗಾಗಿ ಬೆಳಕು ಕೊಡೆಯ ತುಂಬ ಸಮನಾಗಿ ಹರಡಿ ಕೆಳಗಿಳಿಯುತ್ತದೆ. ಅಂಥ ದೀಪದಲ್ಲಿ ಬಲ್ಬು ಎರಡು ಬೆರಳು ಕೆಳಗೆ ಜಾರಿದರೂ ಲೆಕ್ಕ ಕೆಡುತ್ತದೆ. ಬಲ್ಬು ಕಂಪನಿಗಳು ಆಕಾರ, ಗಾತ್ರ ಬದಲಾಯಿಸುತ್ತಲೇ ಇದ್ದದ್ದರಿಂದ ಬೇಸತ್ತು, ಬಲ್ಬಿನ ಬಗ್ಗೆ ಅಷ್ಟು ಹಟ ಮಾಡದ ದೀಪವೊಂದನ್ನು ಅವರು 1958ರಲ್ಲಿ ಮಾಡಿದರು. ಅದೇ ನಿಮ್ಮ ಪಿಎಚ್ 5. ದೊಡ್ಡ ಕೊಡೆಯ ಅಗಲ 50 ಸೆಂಟಿಮೀಟರ್, ಹೆಸರಿನ 5 ಬಂದದ್ದು ಅಲ್ಲಿಂದ. ಒಳಗಿನ ಚಿಕ್ಕ ಭಾಗಗಳಿಗೆ ಕೆಂಪು, ನೀಲಿ ಬಳಿದದ್ದು ಅಲಂಕಾರಕ್ಕಲ್ಲ. ನಮ್ಮ ಕಣ್ಣು ಹಳದಿ-ಹಸಿರಿಗೆ ಅತಿ ಸೂಕ್ಷ್ಮ, ಕೆಂಪು-ನೀಲಿಗೆ ಮಂದ. ಆ ಎರಡು ತುದಿಗಳಿಗೆ ಅವರು ಸ್ವಲ್ಪ ಬಲ ಕೊಟ್ಟರು.

ಹಟ ಮಾಡದ ದೀಪ ಎಂದ ಮಾತ್ರಕ್ಕೆ ಅಂಗಡಿಯವನು ಕೊಟ್ಟದ್ದನ್ನೆಲ್ಲ ತಿರುಪಬೇಡಿ. ಸಾಮಾನ್ಯ ಎಲ್‌ಇಡಿ ಬಲ್ಬಿನ ಅರ್ಧ ಮೈ ಬರೀ ಪ್ಲಾಸ್ಟಿಕ್ಕು, ಬೆಳಕು ಉಳಿದರ್ಧದಿಂದ ಮುಂದಕ್ಕೆ ಮಾತ್ರ ಹೊರಡುತ್ತದೆ. ಪಿಎಚ್ 5ರಲ್ಲಿ ಹೋಲ್ಡರು ಮೇಲೆ, ಬಲ್ಬು ತಲೆಕೆಳಗು. ಅಂದರೆ ಬೆಳಕೆಲ್ಲ ಕೆಳಕ್ಕೆ ಸುರಿಯುತ್ತದೆ, ಅದನ್ನು ಹಿಡಿದು ಹರಡಬೇಕಾದ ದೊಡ್ಡ ಕೊಡೆ ಕತ್ತಲಲ್ಲಿ ಕೂರುತ್ತದೆ. ನಿಮ್ಮ 20 ವ್ಯಾಟು ವ್ಯರ್ಥವಾದದ್ದು ಹೀಗೆ. ಸುತ್ತಲೂ ಬೆಳಕು ಬಿಡುವ, ಹಾಲುಬಿಳುಪು ಗಾಜಿನ ಫಿಲಮೆಂಟ್ ಮಾದರಿಯ ಎಲ್‌ಇಡಿ ತನ್ನಿ. ಇ27 ತಿರುಪಿನದು, 2700 ಕೆಲ್ವಿನ್, 800ರಿಂದ 1000 ಲ್ಯೂಮೆನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕೆ ಮೇಲೆ. ನಮ್ಮ ಊರಿನ ಪಿನ್ ಬಲ್ಬು ಹಾಕಲು ಅಡಾಪ್ಟರ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಬಲ್ಬನ್ನು ಕೆಳಕ್ಕೆ ತಳ್ಳುತ್ತದೆ.

‘ಬಿಳಿ ಬೆಳಕೇ ಕಣ್ಣಿಗೆ ಒಳ್ಳೆಯದು, ಅದರಲ್ಲೇ ಬೆಳಕು ಜಾಸ್ತಿ’ ಎಂದು 6500 ಕೆಲ್ವಿನ್ ಬಲ್ಬು ಮಾರುವವರ ಮಾತು ನಂಬಬೇಡಿ. ಬೆಳಕು ಎಷ್ಟಿದೆ ಅನ್ನುವುದನ್ನು ಹೇಳುವುದು ಲ್ಯೂಮೆನ್, ಕೆಲ್ವಿನ್ ಹೇಳುವುದು ಬಣ್ಣವನ್ನು ಮಾತ್ರ. ರಾತ್ರಿ ಊಟದ ಹೊತ್ತಿಗೆ ನೀಲಿ ಹೆಚ್ಚಿರುವ ಬೆಳಕಿನ ಕೆಳಗೆ ಕೂತರೆ ಸಾರಿನ ಬಣ್ಣವೂ ಸತ್ತಂತೆ ಕಾಣುತ್ತದೆ, ನಿದ್ದೆಯೂ ದೂರ ಹೋಗುತ್ತದೆ.

ಎತ್ತರದ ವಿಷಯಕ್ಕೇ ಮತ್ತೆ ಬರುತ್ತೇನೆ, ಏಕೆಂದರೆ ಓದಿದ ಮೇಲೂ ನೀವು ಅರ್ಧ ಅಡಿ ಮೇಲಕ್ಕೇ ಕಟ್ಟಿಸುತ್ತೀರಿ ಎಂದು ನನಗೆ ಗೊತ್ತು. ಬಲ್ಬಿನಿಂದ ದೂರ ಇಮ್ಮಡಿಯಾದರೆ ಮೇಜಿಗೆ ಸಿಗುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿಗಟ್ಟಲು ನಾಲ್ಕು ಪಟ್ಟು ಬೆಳಕಿನ ಬಲ್ಬು ಬೇಕಾಗುತ್ತದೆ.

ಹಾಗಾದರೆ ಹಾಲಿನ ಗತಿ? ಅದಕ್ಕೆ ಬೇರೆ ದೀಪಗಳು ಬೇಕು. ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ಗೆ ಸಿಗುವ ಹಗಲು ಸುಮಾರು 7 ಗಂಟೆ. ಅಷ್ಟು ಕತ್ತಲಿನ ಊರಿನವರು ಸೀಲಿಂಗಿನ ನಡುವೆ ಒಂದು ದೊಡ್ಡ ದೀಪ ಹಾಕಿ ಸುಮ್ಮನಾಗಲಿಲ್ಲ. ಕಿಟಕಿ ಹತ್ತಿರ ಒಂದು, ಸೋಫಾ ಪಕ್ಕ ಒಂದು, ಕಪಾಟಿನ ಮೇಲೊಂದು ಸಣ್ಣ ದೀಪ ಇಟ್ಟುಕೊಂಡರು. ನೀವೂ ಎರಡು ಮೇಜುದೀಪ ತನ್ನಿ, ಅವು ಡೆನ್ಮಾರ್ಕಿನವೇ ಆಗಬೇಕಿಲ್ಲ. ಈಗಿರುವ ಟ್ಯೂಬ್‌ಲೈಟನ್ನೂ ಕೀಳಬೇಡಿ. ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕು. ಮಾತ್ರೆಯ ಹೆಸರು ಓದಲು, ರಾತ್ರಿ ಎದ್ದು ಓಡಾಡಲು ಅದಿರಲಿ. ಅದರ ಸ್ವಿಚ್ಚು ಬೇರೆ ಇರಲಿ, ಅಷ್ಟೇ.

ಕೊನೆಗೆ ಒಂದು ಎಚ್ಚರಿಕೆ. ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ತೂಗುದೀಪ ಸಿಕ್ಕಿಸಬೇಡಿ, ಭಾರ ಮೇಲಿನ ಕಾಂಕ್ರೀಟಿಗೇ ಹೋಗಬೇಕು. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ಗುತ್ತಿಗೆದಾರ ನನ್ನ ಮಾತು ಕೇಳದೆ ಜಿಪ್ಸಮ್ಮಿಗೇ ಸ್ಕ್ರೂ ಬಿಗಿದ. ಮೂರೂ ಗಾಜಿನ ಕೊಡೆಗಳಿದ್ದ ದೀಪ ಊಟದ ಮೇಜಿನ ಮೇಲೆ ಬಿತ್ತು. ಮಕ್ಕಳು ಆಗಷ್ಟೇ ಎದ್ದುಹೋಗಿದ್ದರು. ಅಂದಿನಿಂದ ನಾನೇ ನಿಂತು ಕೊಕ್ಕೆ ಎಳೆದು ನೋಡದೆ ಯಾವ ಮನೆಯಲ್ಲೂ ದೀಪ ಏರಿಸಲು ಬಿಡುವುದಿಲ್ಲ. ಫ್ಯಾನು ಹತ್ತಿರವಿದ್ದರೆ ದೀಪ ತೂಗಾಡಿ ತಟ್ಟೆಯ ಮೇಲೆ ನೆರಳು ಕುಣಿಯುತ್ತದೆ. ಫ್ಯಾನಿನ ಜಾಗ ಬದಲಾಯಿಸಿ.

ಪ್ರಶ್ನೆ: ಆನ್‌ಲೈನಿನಲ್ಲಿ ಹತ್ತನೇ ಒಂದು ಬೆಲೆಗೆ ‘ಪಿಎಚ್ ಮಾದರಿ’ ದೀಪ ಸಿಗುತ್ತದೆ. ನೋಡಲು ಅದೇ ತರಹ. ತಗೊಳ್ಳಬಹುದೇ?

ಉತ್ತರ: ನೋಡಲು ಅದೇ ತರಹ ಇರುವುದೇ ಅದರ ಮೋಸ. ನಾನು ಬಿಚ್ಚಿ ನೋಡಿದ ನಕಲುಗಳಲ್ಲಿ ಹೊರಗಿನ ಗೆರೆ ಹತ್ತಿರ ಹತ್ತಿರ ಸರಿ ಇತ್ತು. ಕೊಡೆಗಳ ನಡುವಿನ ಅಂತರ ತಪ್ಪಿತ್ತು, ಒಳಗೆ ಹೊಳೆಯುವ ಬಣ್ಣ ಬಳಿದಿದ್ದರು, ಕೂತರೆ ಬಲ್ಬು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬಲ್ಬು ಮರೆಮಾಡಲೆಂದೇ ಹುಟ್ಟಿದ ದೀಪ ಇದು, ಅದೊಂದು ಕೆಲಸ ಆಗದಿದ್ದರೆ ಉಳಿದದ್ದು ತಗಡು. ಹೆನ್ನಿಂಗ್ಸನ್ ತೀರಿಕೊಂಡದ್ದು 1967ರಲ್ಲಿ, ಡೆನ್ಮಾರ್ಕಿನಲ್ಲಿ ಕೃತಿಸ್ವಾಮ್ಯ ಮರಣಾನಂತರ 70 ವರ್ಷ. 2037ರ ಕೊನೆಯವರೆಗೆ ಅಲ್ಲಿ ನಕಲು ಮಾರುವುದು ಅಪರಾಧ. ದುಡ್ಡು ಕಡಿಮೆ ಇದ್ದರೆ ನಮ್ಮವರೇ ಮಾಡಿದ ಒಳ್ಳೆಯ ಬಿದಿರಿನ ಅಥವಾ ಬಟ್ಟೆಯ ಕೊಡೆ ತಗೊಳ್ಳಿ, ಅದನ್ನೇ 60 ಸೆಂಟಿಮೀಟರಿಗೆ ಇಳಿಬಿಡಿ. ನಕಲಿಗಿಂತ ಸಾವಿರ ಪಾಲು ಮೇಲು.

ಪ್ರಶ್ನೆ: ಡೆನ್ಮಾರ್ಕಿನ ದೀಪಕ್ಕೆ ಇಲ್ಲಿ ಟ್ರಾನ್ಸ್‌ಫಾರ್ಮರ್ ಬೇಕೇ?

ಉತ್ತರ: ಬೇಡ, ಅಲ್ಲೂ 230 ವೋಲ್ಟ್, 50 ಹರ್ಟ್ಸ್, ಬೇಕು ಎಂದು ಮಾರಿದವನಿಗೆ ಹಿಂದಿರುಗಿಸಿ.

ಪ್ರಶ್ನೆ: ಒಂಬತ್ತೂವರೆ ಅಡಿ ಸೀಲಿಂಗಿನ ಹಾಲಿಗೆ ಪಿಎಚ್ ಆರ್ಟಿಚೋಕ್ ಒಪ್ಪುತ್ತದೆಯೇ?

ಉತ್ತರ: ಇಲ್ಲ. 72 ಎಲೆಗಳ ಆ ದೀಪ 1958ರಲ್ಲಿ ಕೋಪನ್‌ಹೇಗನ್ನಿನ ಲಾಂಗೆಲಿನೀ ಪೆವಿಲಿಯನ್ ರೆಸ್ಟೋರೆಂಟಿಗೆಂದು ಹುಟ್ಟಿದ್ದು, ಅದಕ್ಕೆ ಸುತ್ತಲೂ ಜಾಗ ಬೇಕು.

ಪ್ರಶ್ನೆ: ವಾಸ್ತು ಪ್ರಕಾರ ಲೋಹದ ತೂಗುದೀಪ ಯಾವ ಮೂಲೆಗೆ?

ಉತ್ತರ: ಮೇಜು ಎಲ್ಲಿದೆಯೋ ಅಲ್ಲಿಗೆ.

ಪ್ರಶ್ನೆ: ಡೆನ್ಮಾರ್ಕಿನ ಲೆ ಕ್ಲಿಂಟ್ ಕಂಪನಿಯ ಮಡಿಕೆಯ ಕೊಡೆಯಲ್ಲಿ ಧೂಳು ತುಂಬಿದೆ. ತೊಳೆಯಬಹುದೇ?

ಉತ್ತರ: ಮೊದಲು ಕಾಗದದ್ದೋ ಪ್ಲಾಸ್ಟಿಕ್ ಹಾಳೆಯದೋ ನೋಡಿ. ಈ ಮಡಿಕೆಯ ಮೂಲವೂ ಸೀಮೆಎಣ್ಣೆ ದೀಪವೇ. ಕೋಪನ್‌ಹೇಗನ್ನಿನ ಗ್ರುಂಟ್‌ವಿಗ್ ಚರ್ಚಿನ ವಾಸ್ತುಶಿಲ್ಪಿ ಪಿ.ವಿ. ಯೆನ್ಸನ್-ಕ್ಲಿಂಟ್ 20ನೇ ಶತಮಾನದ ಆರಂಭದಲ್ಲಿ ತಾವು ಮಾಡಿದ ಎಣ್ಣೆ ದೀಪಕ್ಕೆಂದು ಕಾಗದ ಮಡಚಿ ಕೊಡೆ ಮಾಡಿದರು. ಮನೆಯವರೆಲ್ಲ ಮಡಚಲು ಕಲಿತರು, 1943ರಲ್ಲಿ ಮಗ ತಾಯೆ ಕ್ಲಿಂಟ್ ಅದನ್ನೇ ಕಂಪನಿ ಮಾಡಿದರು. ಇವತ್ತಿಗೂ ಕೈಯಲ್ಲೇ ಮಡಚುತ್ತಾರೆ, ಆದ್ದರಿಂದ ನೀವೂ ಕೈ ಹಗುರವಾಗಿಡಿ. ಕಾಗದದ್ದಾದರೆ ನೀರು ಸೋಕಿಸಲೇಬೇಡಿ, ಮೆತ್ತನೆಯ ಬ್ರಶ್ಶಿನಲ್ಲಿ ಮಡಿಕೆಯ ಉದ್ದಕ್ಕೆ ಎಳೆಯಿರಿ. ಪ್ಲಾಸ್ಟಿಕ್ಕಿನದಾದರೆ ಬಿಚ್ಚಿ, ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ಅದ್ದಿ ಎತ್ತಿ. ಉಜ್ಜಬೇಡಿ, ಒರೆಸಬೇಡಿ, ಬಿಸಿಲಿಗೆ ಇಡಬೇಡಿ. ನೆರಳಿನಲ್ಲಿ ನೇತುಹಾಕಿ, ಪೂರ್ತಿ ಆರಿದ ಮೇಲೆಯೇ ಹೋಲ್ಡರಿಗೆ ಏರಿಸಿ.